ಬದಿಯಡ್ಕದ ಚಾವಡಿಯಲ್ಲಿ ಎರಡು ನಗು

ಬ್ಯಾಂಕಿನ ವರ್ಗಾವಣೆಯ ಮೇಲೆ ಶಿವಮೊಗ್ಗ ಬಿಟ್ಟು ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೆ ಬಂದು ಎರಡು ವರ್ಷವಾಯಿತು. ನಮ್ಮ ಬಾಡಿಗೆ ಮನೆಯ ಯಜಮಾನರು ಕನ್ನಡ ಶಾಲೆಯಿಂದ ನಿವೃತ್ತರಾದ ಮಾಷ್ಟ್ರು. ಮನೆಮಾತು ತುಳು, ಕಲಿತದ್ದು ಕಲಿಸಿದ್ದು ಕನ್ನಡ, ಪೇಟೆಯ ವ್ಯವಹಾರಕ್ಕೆ ಮಲಯಾಳ. ರಜಾದಿನದ ಬೆಳಿಗ್ಗೆ ಅವರ ಚಾವಡಿಯಲ್ಲಿ ಮೊಮ್ಮಕ್ಕಳ ಜೊತೆ ನನ್ನ ಏಳು ವರ್ಷದ ಮಗಳೂ ಮಲಯಾಳಕ್ಕೆ ಡಬ್ ಆದ ಕಾರ್ಟೂನ್ ನೋಡುತ್ತಾಳೆ. ಹಿಂದಿನ ಬೆಂಚಿನಲ್ಲಿ ಮಾಷ್ಟ್ರೂ ನಾನೂ ಇರುತ್ತೇವೆ.

ಯಾರಾದರೂ ಜಾರಿ ಬಿದ್ದರೆ ಮಕ್ಕಳು ನಗುತ್ತಾರೆ. ಯಾರೂ ಬೀಳದೆ, ಅಪ್ಪನ ಪಾತ್ರ ಅಮ್ಮನ ಕಡೆ ಓರೆಗಣ್ಣಲ್ಲಿ ನೋಡಿ ಏನೋ ಗೊಣಗಿದಾಗ ಮಾತ್ರ ಮಾಷ್ಟ್ರೊಬ್ಬರೇ ಬೈರಾಸನ್ನು ಬಾಯಿಗೆ ಒತ್ತಿಕೊಂಡು ನಗುತ್ತಾರೆ. ನಲವತ್ತು ದಾಟಿದ ನಾನು, ಮಲಯಾಳ ಬಾರದ್ದರಿಂದ, ಮಕ್ಕಳ ಪಾಳಿಯಲ್ಲೇ ನಗಬೇಕು. "ಏನಂದ ಮಾಷ್ಟ್ರೇ?" ಎಂದು ಕೇಳಿದರೆ, "ಮಕ್ಕಳು ಏಳಲಿ, ಮತ್ತೆ ಹೇಳುತ್ತೇನೆ" ಎನ್ನುತ್ತಾರೆ. ಈ ಕಡೆಯ ಕನ್ನಡದಲ್ಲಿ 'ಮತ್ತೆ' ಎಂದರೆ ಆಮೇಲೆ. ಇನ್ನೊಮ್ಮೆ ಎಂದು ತಿಳಿದು ಮೊದಮೊದಲು ನಾನು ತಬ್ಬಿಬ್ಬಾಗಿದ್ದೆ.

ಮಕ್ಕಳ ಕಾರ್ಟೂನಿನಲ್ಲಿ ದೊಡ್ಡವರ ಹಾಸ್ಯವನ್ನು ಯಾರೋ ಕಳ್ಳತನದಿಂದ ತುರುಕಿದ್ದಾರೆ ಎಂದು ನಾವು ದೂರುವುದುಂಟು, ಆದರೆ ಹಳೆಯವುಗಳ ಮಟ್ಟಿಗೆ ನಡೆದದ್ದು ಇದರ ತಿರುವುಮುರುವು. 1940ರಲ್ಲಿ ಹುಟ್ಟಿದ ಟಾಮ್ ಅಂಡ್ ಜೆರ್ರಿ ಚಿತ್ರಮಂದಿರದಲ್ಲಿ ದೊಡ್ಡವರೂ ಮಕ್ಕಳೂ ಒಟ್ಟಿಗೆ ಕೂತು ನೋಡುತ್ತಿದ್ದ ಕಿರುಚಿತ್ರ. ಅದು ಮಕ್ಕಳ ಪಾಲಾದದ್ದು ಟಿವಿ ಬಂದ ಮೇಲೆ. 1930ರ ಬೆಟ್ಟಿ ಬೂಪ್ ಅಂತೂ ದೊಡ್ಡವರನ್ನೇ ನೆಚ್ಚಿಕೊಂಡಿದ್ದವಳು, 1934ರಲ್ಲಿ ಹಾಲಿವುಡ್‌ನ ನೀತಿಸಂಹಿತೆ ಬಿಗಿಯಾದ ಮೇಲೆ ಅವಳ ಲಂಗ ಉದ್ದವಾಯಿತು. 1960ರ ಫ್ಲಿಂಟ್‌ಸ್ಟೋನ್ಸ್ ರಾತ್ರಿಯ ಕಾರ್ಯಕ್ರಮವಾಗಿತ್ತು, ಅದರ ಪಾತ್ರಗಳೇ ಸಿಗರೇಟಿನ ಜಾಹೀರಾತಿನಲ್ಲಿ ಹೊಗೆ ಬಿಡುತ್ತಿದ್ದವು.

ನಮ್ಮಲ್ಲಿ ಗದ್ದಲವೆಬ್ಬಿಸಿದವನು ಶಿನ್‌ಚಾನ್. ಜಪಾನಿನಲ್ಲಿ 1990ರಲ್ಲಿ ಅವನ ಚಿತ್ರಕಥೆ ಶುರುವಾದದ್ದೇ ವಯಸ್ಕರ ಪತ್ರಿಕೆಯೊಂದರಲ್ಲಿ. ಭಾರತದಲ್ಲಿ ಮಕ್ಕಳ ವಾಹಿನಿಗೆ ಬಂದ ಅವನನ್ನು ಪೋಷಕರ ದೂರಿನ ಮೇರೆಗೆ 2008ರಲ್ಲಿ ಸರಕಾರ ನಿಲ್ಲಿಸಿತು. ಮರುವರ್ಷ ಕತ್ತರಿ ಹಾಕಿಸಿಕೊಂಡು ಅವನು ಮರಳಿದ. ಚಡ್ಡಿ ಜಾರಿಸಿ ಕುಣಿಯುವ ಆಟ ಎಲ್ಲರ ಕಣ್ಣು ಕುಕ್ಕಿತು, ಆದರೆ ಅದು ಮಕ್ಕಳಿಗೇ ನಗು ತರುವಂಥದ್ದು. ಮನೆಸಾಲ ತೀರಲು ಇನ್ನೂ 32 ವರ್ಷವಿದೆ ಎಂದು ಅವನ ಅಪ್ಪ ನಿಟ್ಟುಸಿರು ಬಿಡುವುದೇ ನಿಜವಾಗಿ ದೊಡ್ಡವರ ಹಾಸ್ಯ, ಅದನ್ನು ಯಾರೂ ಆಕ್ಷೇಪಿಸಲಿಲ್ಲ. ದೊಡ್ಡವರದೆಂದರೆ ಪೋಲಿಯೇ ಎಂದು ನಾವೇಕೆ ತಿಳಿಯುತ್ತೇವೋ! ಮಾಷ್ಟ್ರು ಆಮೇಲೆ ಬಿಡಿಸಿ ಹೇಳುವ ಹತ್ತರಲ್ಲಿ ಏಳೆಂಟು ಸಂಬಳದ್ದೋ ಅತ್ತೆಮನೆಯದ್ದೋ ಆಗಿರುತ್ತವೆ.

ಕಳೆದ ಭಾನುವಾರ ಪರದೆಯ ಮೇಲಿನ ಅಪ್ಪ ಹೊಸ ಕಾರಿನ ಬಾನೆಟ್ ಸವರುತ್ತ ನಿಂತಿದ್ದ. ಹೆಂಡತಿ ಏನೋ ಅಂದಳು. ಅದರ ನಡುವೆ 'ವಾಯ್ಪ' ಎಂಬ ಪದ ಕೇಳಿಸಿತು, ಅವನ ಕೈ ಅಲ್ಲೇ ನಿಂತಿತು. ವಾಯ್ಪ ಎಂದರೆ ಸಾಲ, ಇಲ್ಲಿನ ಕೌಂಟರಿನಲ್ಲಿ ನಾನು ಮೊದಲು ಕಲಿತ ಮಲಯಾಳ ಪದ. ಮಾಷ್ಟ್ರಿಗಿಂತ ಮುಂಚೆ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಮಗಳು ಹಿಂತಿರುಗಿ, "ಅವ್ನು ಬೀಳಲೇ ಇಲ್ವಲ್ಲಪ್ಪಾ, ಯಾಕೆ ನಕ್ಕೆ?" ಎಂದಳು.

"ಮತ್ತೆ ಹೇಳುತ್ತೇನೆ" ಎಂದೆ.