ದೇವರಾಯನದುರ್ಗದ ಎರಡು ಮಗ್ಗುಲಿನ ಕಪ್ಪೆಚಿಪ್ಪು

ತುಮಕೂರಿನಿಂದ ದೇವರಾಯನದುರ್ಗ ಸುಮಾರು 15 ಕಿಲೋಮೀಟರ್. ಬಂದವರು ನರಸಿಂಹಸ್ವಾಮಿಗೆ ಕೈಮುಗಿದು, ನಾಮದ ಚಿಲುಮೆ ನೋಡಿ ಇಳಿಯುತ್ತಾರೆ. ಕಪ್ಪೆಚಿಪ್ಪಿನ ಬೆನ್ನು ಹತ್ತಿದವರಿಗೆ ಈ ಬೆಟ್ಟ ಬೇಕಾಗುವುದು ಬೇರೆ ಕಾರಣಕ್ಕೆ. ಇಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕಿಳಿದು ಕಾವೇರಿ ಸೇರುತ್ತದೆ. ಜಯಮಂಗಲಿ ಉತ್ತರಕ್ಕಿಳಿದು ಉತ್ತರ ಪಿನಾಕಿನಿ ಸೇರುತ್ತದೆ. ಒಂದೇ ಬೆಟ್ಟದ ಮಳೆನೀರು ಮತ್ತೆ ಒಂದಾಗುವುದು ಬಂಗಾಳ ಕೊಲ್ಲಿಯಲ್ಲೇ.

ಕರಾವಳಿಯವರು ಪಚ್ಚಿಲೆ ಎನ್ನುವ ಸಮುದ್ರದ ಹಸಿರು ಚಿಪ್ಪಿಗೆ ಎರಡು ಕಣಿವೆ ಬೇರ್ಪಡಿಸುವ ಈ ಬೆಟ್ಟದಂಥ ಗೋಡೆ ಇಲ್ಲ. ಅದರ ಮರಿ ಎರಡು ಮೂರು ವಾರ ನೀರಿನಲ್ಲಿ ತೇಲುತ್ತದೆ, ಪ್ರವಾಹ ಒಯ್ದತ್ತ ಹೋಗುತ್ತದೆ. ಹಾಗಾಗಿ ನೂರಾರು ಕಿಲೋಮೀಟರ್ ದೂರದ ಬಂಡೆಗಳ ಚಿಪ್ಪುಗಳಲ್ಲೂ ವಂಶವಾಹಿಯ ವ್ಯತ್ಯಾಸ ಕಡಿಮೆ ಇರಬಹುದು. ನಮ್ಮ ಕೆರೆಗಳ ಸಿಹಿನೀರಿನ ಕಪ್ಪೆಚಿಪ್ಪು ಲ್ಯಾಮೆಲ್ಲಿಡೆನ್ಸ್‌ನ ಮರಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಅದು ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡೇ ಬೆಳೆಯಬೇಕು. ಮೀನು ಹೋದಷ್ಟು ದೂರವೇ ಅದರ ಲೋಕ. ಮೀನು ಬೆಟ್ಟ ಹತ್ತುವುದಿಲ್ಲವಾದ್ದರಿಂದ ಎರಡು ಕಣಿವೆಯ ಚಿಪ್ಪುಗಳು ವಂಶವಾಹಿಯಲ್ಲಿ ಬೇರೆಬೇರೆಯಾಗಿರಬೇಕು ಎಂಬುದು ನಿರೀಕ್ಷೆ. ಅದನ್ನು ಪರೀಕ್ಷಿಸಲು ಬೇಕಾದ ಡಿಎನ್‌ಎ ಮಾದರಿ ತರಲು ಎರಡು ದಿನದ ತಿರುಗಾಟ ಸಾಕು.

ಮೊದಲ ದಿನ ಕುಣಿಗಲ್ ದಾರಿ ಹಿಡಿದು ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯ. ಫೆಬ್ರುವರಿ, ಮಾರ್ಚ್ ಒಳ್ಳೆಯ ಕಾಲ. ನೀರು ಇಳಿದು ಅಂಚಿನ ಹೂಳು ಕಾಣುತ್ತದೆ. ಪಂಚಾಯಿತಿಗೂ ಮೀನು ಹಿಡಿಯುವ ಗುತ್ತಿಗೆಯವರಿಗೂ ಮೊದಲೇ ಹೇಳಿರಬೇಕು. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನೋಡಿದರೆ ಕೆಸರಿನ ಮೇಲೆ ಬೆರಳಲ್ಲಿ ಗೀಚಿದಂಥ ಗೆರೆ ಸಿಗುತ್ತದೆ. ಗೆರೆ ನಿಂತ ಕಡೆ ಅಕ್ಕಪಕ್ಕ ಎರಡು ಸಣ್ಣ ಸೀಳು: ಒಂದು ನೀರೆಳೆಯಲು, ಇನ್ನೊಂದು ಬಿಡಲು. ನೆರಳು ಬಿದ್ದ ಕೂಡಲೇ ಎರಡೂ ಮುಚ್ಚಿಕೊಳ್ಳುತ್ತವೆ.

ಒಂದು ಜಾಗಕ್ಕೆ 25ರಿಂದ 30 ಚಿಪ್ಪು ಬೇಕು. ಎಲ್ಲವನ್ನೂ ಒಂದೇ ಗುಂಪಿನಿಂದ ಬಾಚಬಾರದು. ಹತ್ತಿರದ ಬಂಧುಗಳೇ ಸಿಕ್ಕರೆ ಲೆಕ್ಕ ತಪ್ಪುತ್ತದೆ. ಪ್ಲಾಸ್ಟಿಕ್ ಬೆಣೆಯಿಂದ ಬಾಯಿ ಅರ್ಧ ಸೆಂಟಿಮೀಟರ್‌ನಷ್ಟು ಮಾತ್ರ ತೆರೆಯಿರಿ. ಹೆಚ್ಚು ಎಳೆದರೆ ಮುಚ್ಚುವ ಸ್ನಾಯು ಹರಿದು ಪ್ರಾಣಿ ಸಾಯುತ್ತದೆ. ಚಿಪ್ಪಿನ ಒಳಮೈಗೆ ಅಂಟಿದ ಮೆತ್ತನೆಯ ಹೊದಿಕೆಯ (ಮ್ಯಾಂಟಲ್) ಅಂಚಿನಿಂದ ಅಕ್ಕಿಕಾಳಿನಷ್ಟು ಕತ್ತರಿಸಿದರೆ ಸಾಕು. ಕಿವಿರನ್ನು ಮುಟ್ಟಲೇಬಾರದು. ಹೆಣ್ಣು ಮರಿಗಳನ್ನು ಕಿವಿರಿನಲ್ಲೇ ಹೊತ್ತಿರುತ್ತದೆ, ಅಮ್ಮನ ಡಿಎನ್‌ಎ ಜೊತೆ ಮಕ್ಕಳದೂ ಬೆರೆಯುತ್ತದೆ. ಬೀಜಕೋಶವೂ ಬೇಡ: ಈ ಜೀವಿಗಳಲ್ಲಿ ಗಂಡು ತನ್ನದೇ ಇನ್ನೊಂದು ಬಗೆಯ ಮೈಟೊಕಾಂಡ್ರಿಯವನ್ನು (ಸ್ವಂತ ಡಿಎನ್‌ಎ ಇರುವ ಜೀವಕೋಶದ ಭಾಗ) ಗಂಡುಮಕ್ಕಳಿಗೆ ದಾಟಿಸುತ್ತದೆ. ಅದು ಬೆರೆತರೆ ಒಂದೇ ಕೆರೆಯಲ್ಲಿ ಎರಡು ಜಾತಿ ಇರುವಂತೆ ಕಾಣುತ್ತದೆ.

ತುಂಡು ನೇರ 95 ಶೇಕಡಾ ಎಥನಾಲ್‌ಗೆ ಹೋಗಬೇಕು. ಮಾಂಸಕ್ಕಿಂತ ದ್ರವ ಹತ್ತು ಪಟ್ಟಾದರೂ ಇರಲಿ. ಮಾಂಸದ ನೀರು ಎಥನಾಲನ್ನು ತೆಳುವಾಗಿಸುವುದರಿಂದ ಮರುದಿನ ಬದಲಾಯಿಸಿ. ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುತ್ತದೆ. ಹೆಸರನ್ನು ಪೆನ್ಸಿಲ್‌ನಲ್ಲಿ ಚೀಟಿ ಬರೆದು ಕೊಳವೆಯೊಳಗೇ ಹಾಕಿ. ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿ, ಮೂವತ್ತು ಕೊಳವೆಯೂ ಅನಾಥವಾಗುತ್ತವೆ. ಚಿಪ್ಪನ್ನು ಎತ್ತಿದ ಜಾಗದಲ್ಲೇ, ಸೀಳಿನ ತುದಿ ಮೇಲಾಗಿ ಹೂತುಬಿಡಿ.

ಎರಡನೆಯ ದಿನ ಕೊರಟಗೆರೆ ಕಡೆ, ಗೊರವನಹಳ್ಳಿ ಸಮೀಪ ಜಯಮಂಗಲಿಯ ತೀತಾ ಜಲಾಶಯ. ಹೊರಡುವ ಮೊದಲು ಬೂಟು, ಬಲೆ, ಬಕೆಟ್ ತೊಳೆದು ಬಿಸಿಲಲ್ಲಿ ಒಣಗಿಸಬೇಕು. ಒಂದು ಕಣಿವೆಯ ಕೆಸರನ್ನು ಇನ್ನೊಂದಕ್ಕೆ ನಾವೇ ಸಾಗಿಸಬಾರದು. ಕೆಲಸ ಅದೇ ಕ್ರಮ.

ಪ್ರಯೋಗಾಲಯದಲ್ಲಿ ತೊಂದರೆ ಕೊಡುವುದು ಚಿಪ್ಪಿನ ಲೋಳೆ. ಅದು ಡಿಎನ್‌ಎ ಜೊತೆಗೇ ಇಳಿದು, ಡಿಎನ್‌ಎ ತುಣುಕನ್ನು ಲಕ್ಷಾಂತರ ಪ್ರತಿ ಮಾಡುವ ಪಿಸಿಆರ್ ಅನ್ನು ತಡೆಯುತ್ತದೆ. ಸಿಟಿಎಬಿ ಎಂಬ ಮಾರ್ಜಕದಿಂದ ಲೋಳೆ ಬೇರ್ಪಡಿಸಿ ಡಿಎನ್‌ಎ ತೆಗೆಯುವ ವಿಧಾನ ಇದಕ್ಕೆ ಒಗ್ಗುತ್ತದೆ. ಮೈಕ್ರೊಸ್ಯಾಟಲೈಟ್‌ನಲ್ಲಿ (ಡಿಎನ್‌ಎಯಲ್ಲಿ ಪದೇಪದೇ ಮರುಕಳಿಸುವ ಚಿಕ್ಕ ತುಣುಕು) ತಂದೆ, ತಾಯಿಯಿಂದ ಬಂದ ಎರಡು ಪ್ರತಿ ಬೇರೆಬೇರೆ ಇರುವ ಭಿನ್ನ ಜೋಡಿಗಳು ಕಡಿಮೆ ಕಂಡರೆ, ಹತ್ತಿರದ ಬಂಧುಗಳೇ ಕೂಡಿದ ಒಳಸಂತಾನ ಎಂಬ ತೀರ್ಮಾನಕ್ಕೆ ಹಾರಬೇಡಿ. ದ್ವಿಪುಟಗಳಲ್ಲಿ, ಅಂದರೆ ಎರಡು ಹೋಳಿನ ಚಿಪ್ಪಿನ ಜೀವಿಗಳಲ್ಲಿ, ಪಿಸಿಆರ್ ಶುರುಮಾಡುವ ಚಿಕ್ಕ ಡಿಎನ್‌ಎ ಎಳೆ (ಪ್ರೈಮರ್) ಅಂಟದೆ ಒಂದು ಪ್ರತಿ ಕಾಣದೆ ಹೋಗುವುದು ಮಾಮೂಲು.

ಇನ್ನೊಂದು ವಿಷಯವನ್ನು ದಂಡೆಯಲ್ಲೇ ಕೇಳಿ ತಿಳಿಯಬೇಕು. ಕಾಟ್ಲಾ, ರೋಹು ಮರಿಗಳನ್ನು ಎಲ್ಲಿಂದ ತಂದು ಬಿಟ್ಟರು? ಮೀನುಮರಿಯ ಕಿವಿರಿನಲ್ಲಿ ಕಚ್ಚಿಕೊಂಡ ಚಿಪ್ಪಿನ ಮರಿ, ಬೆಟ್ಟ ಯಾವುದನ್ನು ಬೇರ್ಪಡಿಸಿತ್ತೋ ಅದನ್ನು ಲಾರಿಯಲ್ಲಿ ಸೇರಿಸಬಲ್ಲದು. ಎರಡು ಜಲಾಶಯಕ್ಕೂ ಒಂದೇ ಕಡೆಯ ಮೀನುಮರಿ ಬಂದಿದ್ದರೆ ಆ ಊರಿನ ಹೆಸರು, ಬಿಟ್ಟ ವರ್ಷ ಎರಡನ್ನೂ ಟಿಪ್ಪಣಿ ಪುಸ್ತಕದಲ್ಲಿ ಚಿಪ್ಪಿನ ಅಳತೆಯ ಪಕ್ಕದಲ್ಲೇ ಬರೆದುಕೊಳ್ಳಿ.