ರಿಚರ್ಡ್ ವಾರನ್ ಯಾರ ಮಗ? ಹುಡುಕಾಟ ಇಲ್ಲಿವರೆಗೆ

ಈ ವಾರ ವಂಶವೃಕ್ಷದಿಂದ ಎರಡು ಹೆಸರು ಅಳಿಸಿದೆ. ಮನಸ್ಸಿಗೆ ಕಷ್ಟವಾಯಿತು, ಆದರೂ ಅಳಿಸಿದೆ.

ಮಗಳಿಗೆ ಅವಳ ಅಪ್ಪನ ಕಡೆಯ ವಂಶ ಬರೆದುಕೊಡೋಣ ಅಂತ ಶುರು ಮಾಡಿದ್ದು. ನನ್ನ ಗಂಡ ಅಮೆರಿಕದವರು. ಅವರ ತಾಯಿಯ ಕಡೆ ಹಿಡಿದು ಹಿಂದೆ ಹಿಂದೆ ಹೋದರೆ ರಿಚರ್ಡ್ ವಾರನ್ ಸಿಗುತ್ತಾರೆ. 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಅಮೆರಿಕದ ಪ್ಲಿಮತ್‌ಗೆ ಬಂದವರು, 1628ರಲ್ಲೇ ತೀರಿಕೊಂಡವರು. ನಮ್ಮ ಕಡೆ ಊರು, ಅಪ್ಪನ ಹೆಸರು ಎರಡೂ ಇನಿಶಿಯಲ್‌ನಲ್ಲೇ ಇರುತ್ತವೆ ಅಲ್ವಾ? ಇಲ್ಲಿ ಆ ಅನುಕೂಲ ಇಲ್ಲ.

ಆನ್‌ಲೈನ್ ವಂಶವೃಕ್ಷಗಳಲ್ಲಿ ಇಂಗ್ಲೆಂಡಿನ ಡೆವನ್ ಕಡೆಯ ಕ್ರಿಸ್ಟೋಫರ್, ಆಲಿಸ್ ದಂಪತಿಯನ್ನು ರಿಚರ್ಡ್ ಅವರ ಅಪ್ಪ-ಅಮ್ಮ ಅಂತ ಹಾಕಿರುತ್ತಾರೆ. ನಾನೂ ಸುಮ್ನೆ ಎತ್ತಿ ಬರೆದುಕೊಂಡಿದ್ದೆ. ಆಧಾರ ಹುಡುಕಿದರೆ ಒಂದು ವೃಕ್ಷ ಇನ್ನೊಂದನ್ನು ತೋರಿಸುತ್ತದೆ, ಅದು ಮತ್ತೊಂದನ್ನು. ದಾಖಲೆ ಮಾತ್ರ ಎಲ್ಲೂ ಇಲ್ಲ. ಅಳಿಸಿದ್ದು ಈ ಎರಡು ಹೆಸರನ್ನೇ.

ಗಟ್ಟಿ ನೆಲ ಸಿಕ್ಕಿರುವುದು ರಿಚರ್ಡ್ ಅವರ ಹೆಂಡತಿಯ ಕಡೆ. ಹಳೆಯ ವಂಶಾವಳಿಗಳು ಆಕೆಯನ್ನು ಮಾರ್ಷ್ ಅನ್ನುವವರ ವಿಧವೆ ಅನ್ನುತ್ತಿದ್ದವು. ಅದು ತಪ್ಪು ಅಂತ 2003ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆಕೆ ಎಲಿಜಬೆತ್ ವಾಕರ್. ಮದುವೆ ಆಗಿದ್ದು 1610ರ ಏಪ್ರಿಲ್ 14ರಂದು, ಹರ್ಟ್‌ಫರ್ಡ್‌ಷೈರ್‌ನ ಗ್ರೇಟ್ ಆಮ್‌ವೆಲ್‌ನಲ್ಲಿ. ಅದೇ ರಿಚರ್ಡ್ ಅಂತ ಹೇಗೆ ಗೊತ್ತು? ಆಕೆಯ ಅಪ್ಪ ಆಗಸ್ಟೀನ್ ವಾಕರ್ 1613ರ ಉಯಿಲಿನಲ್ಲಿ ಮಗಳನ್ನು ರಿಚರ್ಡ್ ವಾರನ್‌ನ ಹೆಂಡತಿ ಅಂತ ಹೇಳಿ, ಮೂರು ಮೊಮ್ಮಕ್ಕಳನ್ನೂ ಹೆಸರಿಸಿದ್ದಾರೆ: ಮೇರಿ, ಆನ್, ಸಾರಾ. 1623ರಲ್ಲಿ ಎಲಿಜಬೆತ್ ಐದು ಹೆಣ್ಣುಮಕ್ಕಳ ಜೊತೆ ಪ್ಲಿಮತ್‌ಗೆ ಬಂದಿಳಿದರು. ಮೇರಿ, ಆನ್, ಸಾರಾ, ಎಲಿಜಬೆತ್, ಅಬಿಗೇಲ್. ಮೊದಲ ಮೂರು ಹೆಸರು ನೋಡಿ!

ನನಗೆ ಇನ್ನೂ ಇಷ್ಟವಾದ ತಾಳೆ ಒಂದಿದೆ. ವಾಕರ್ ಮನೆಯ ಎಲಿಜಬೆತ್‌ಗೆ ಬಾಲ್ಡಾಕ್ ಊರಿನಲ್ಲಿ ದೀಕ್ಷಾಸ್ನಾನ (ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವಿಗೆ ಚರ್ಚ್‌ನಲ್ಲಿ ಮಾಡುತ್ತಿದ್ದ ವಿಧಿ) ಆಗಿದ್ದು 1583ರ ಸೆಪ್ಟೆಂಬರ್‌ನಲ್ಲಿ. ಪ್ಲಿಮತ್ ದಾಖಲೆಯ ಪ್ರಕಾರ ವಿಧವೆ ಎಲಿಜಬೆತ್ ವಾರನ್ ತೀರಿಕೊಂಡಿದ್ದು 1673ರ ಅಕ್ಟೋಬರ್ 2ರಂದು, ತೊಂಬತ್ತು ದಾಟಿದ ಮೇಲೆ. ಬೆರಳು ಮಡಿಸಿ ಎಣಿಸಿದೆ. ತೊಂಬತ್ತು ತುಂಬಿ ಕೆಲವೇ ದಿನ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆ ಕಾಲದ ಕೈಬರಹ ಓದೋದನ್ನೂ ಕಲಿಯುತ್ತಿದ್ದೇನೆ. ಸೆಕ್ರೆಟರಿ ಹ್ಯಾಂಡ್ ಅಂತಾರೆ ಅದಕ್ಕೆ. ಅದರಲ್ಲಿ 'ಸಿ' ಅಕ್ಷರ ಈಗಿನ 'ಆರ್' ಥರ ಕಾಣುತ್ತದೆ, 'ಇ' ಹಿಂದುಮುಂದಾಗಿರುತ್ತದೆ. ಒಂದು ಸಾಲಿಗೆ ಅರ್ಧ ಗಂಟೆ ಹಿಡಿಯುತ್ತದೆ. ಇನ್ನೊಂದು, ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಫೆಬ್ರವರಿ 1610 ಅಂತ ಬರೆದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1611. ಇದು ಗೊತ್ತಾದ ಮೇಲೆ ನನ್ನ ಹಳೆಯ ಟಿಪ್ಪಣಿಗಳ ತಾರೀಕುಗಳನ್ನೆಲ್ಲ ಮತ್ತೆ ನೋಡಬೇಕಾಯಿತು.

ರಿಚರ್ಡ್ ಮೇಲಿನ ಎರಡು ಚೌಕ ಈಗ ಖಾಲಿ. ಗ್ರೇಟ್ ಆಮ್‌ವೆಲ್ ಪಕ್ಕದಲ್ಲೇ ವೇರ್ ಪಟ್ಟಣ ಇದೆ. ಮುಂದಿನ ವಾರ ಅಲ್ಲಿನ ಚರ್ಚ್ ರಿಜಿಸ್ಟರ್, ಆಮೇಲೆ ಸುತ್ತಲಿನ ವಾರನ್‌ಗಳ ಉಯಿಲುಗಳು.