ಕೀಪ್ಯಾಡ್‌ಗೆ ಎರಡೇ ತಂತಿ: ಮೈಸೂರಿನ ಮನೆಯೊಂದರ ಲೈಟಿಂಗ್ ಕೆಲಸದ ಲಾಗ್

ಈಗ ಎಲ್ಲಿದೆ

ಮೈಸೂರಿನ ಎರಡಂತಸ್ತಿನ ಹೊಸ ಮನೆ. ಗಾರೆ ಮುಗಿದು ಪುಟ್ಟಿ ನಡೆಯುತ್ತಿದೆ. ಗೋಡೆಯ ಗುಂಡಿಗಳ ಸಂದೇಶ ಸಾಗಿಸುವ ಬಸ್ ಕೇಬಲ್ ಎಲ್ಲ ಬಾಕ್ಸ್‌ಗೂ ತಲುಪಿದೆ, ಡಿಬಿಯಲ್ಲಿ (ವಿದ್ಯುತ್ ಹಂಚುವ ಪೆಟ್ಟಿಗೆ) ಆ ಸಂದೇಶದಂತೆ ದೀಪ ಹತ್ತಿಸಿ ಆರಿಸುವ ಆಕ್ಚುಯೇಟರ್‌ಗಳು ಕೂತಿವೆ, ಹಾಲ್ ಮತ್ತು ಊಟದ ಕೋಣೆಯ ಕೀಪ್ಯಾಡ್‌ಗಳು ಕೆಲಸ ಮಾಡುತ್ತಿವೆ. ಒಟ್ಟು 22 ಲೈಟ್ ಸರ್ಕ್ಯೂಟ್: 16 ಬರೀ ಆನ್-ಆಫ್, 6 ಡಿಮ್ ಆಗುವಂಥವು. ಕೀಪ್ಯಾಡ್ 7. ಫ್ಯಾನ್, ಪ್ಲಗ್, ಗೀಸರ್, ಬಚ್ಚಲುಮನೆಯ ದೀಪ ಇವೆಲ್ಲ ಮಾಮೂಲಿ ಮಾಡ್ಯುಲರ್ ಸ್ವಿಚ್‌ನಲ್ಲೇ ಉಳಿಯುತ್ತವೆ. ಬಿಎಲ್‌ಡಿಸಿ ಫ್ಯಾನಿಗೆ ಅದರದೇ ರಿಮೋಟ್ ಇದೆ, ಅದನ್ನು ಡಿಮ್ಮರ್‌ಗೆ ಕಟ್ಟಲೇಬಾರದು.

ಯಾವ ಕೀಪ್ಯಾಡ್

ಮುಂದಿದ್ದ ದಾರಿಗಳು ಮೂರು. ಒಂದು, ಮಾಡ್ಯುಲರ್ ಬಾಕ್ಸ್‌ನಲ್ಲೇ ಕೂರುವ ವೈ-ಫೈ ಅಥವಾ ಜಿಗ್‌ಬೀ ಟಚ್ ಪ್ಯಾನೆಲ್. ರಿಲೇ ಅದರೊಳಗೇ ಇರುತ್ತದೆ, 230 ವೋಲ್ಟ್ ಅಲ್ಲಿಗೇ ಬರುತ್ತದೆ, ನ್ಯೂಟ್ರಲ್ ಕೂಡ ಬೇಕು. ಹಳೆ ಮನೆಗೆ ಇದು ಸುಲಭದ ದಾರಿ, ಏಕೆಂದರೆ ನಮ್ಮ ಬೋರ್ಡ್‌ಗಳಲ್ಲಿ ಸ್ವಿಚ್ ಜತೆ ಪ್ಲಗ್ ಇರುವುದರಿಂದ ನ್ಯೂಟ್ರಲ್ ಸಾಮಾನ್ಯವಾಗಿ ಸಿಗುತ್ತದೆ. ಮೆಟ್ಟಿಲಿನ ಟೂ-ವೇ ಬಾಕ್ಸ್‌ನಲ್ಲಿ ಮಾತ್ರ ಬಹಳ ಸಲ ಇರುವುದಿಲ್ಲ. ಎರಡು, ಆರ್‌ಎಸ್-485 ತಂತಿಯ ಮೇಲೆ ಮಾಡ್‌ಬಸ್ ಎಂಬ ಸಂವಹನ ಭಾಷೆ ಮಾತಾಡುವ 24 ವೋಲ್ಟ್ ಕೀಪ್ಯಾಡ್. ಬೆಲೆ ಕಡಿಮೆ. ಆದರೆ ಒತ್ತಿದ್ದನ್ನು ಓದಿ ದೀಪಕ್ಕೆ ಹೇಳಲು ನಡುವೆ ಒಂದು ಕಂಟ್ರೋಲರ್ ಸದಾ ಎಚ್ಚರವಾಗಿರಬೇಕು, ಕೇಬಲ್ ಕೂಡ ಒಂದೇ ಸಾಲಿನಲ್ಲಿ ಓಡಿ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಬೀಳಬೇಕು. ಮೂರು, ಕೆಎನ್‌ಎಕ್ಸ್: ಹಲವು ಕಂಪನಿಗಳು ಒಂದೇ ಮಾನದಂಡಕ್ಕೆ ಸಾಧನ ಮಾಡುವ ಎರಡು ತಂತಿಯ ಬಸ್.

ಇಲ್ಲಿ ಆರಿಸಿದ್ದು ಕೆಎನ್‌ಎಕ್ಸ್. ಗುಂಡಿ ಒತ್ತಿದಾಗ ಕೀಪ್ಯಾಡ್ ನೇರವಾಗಿ ಆಕ್ಚುಯೇಟರ್‌ಗೇ ಸಂದೇಶ ಕಳಿಸುತ್ತದೆ. ರೌಟರ್ ಕೆಟ್ಟರೂ ಮನೆ ನಿಯಂತ್ರಿಸುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್ ನಿಂತರೂ ದೀಪ ಹತ್ತುತ್ತದೆ. ಹತ್ತು ವರ್ಷದ ಮೇಲೆ ಈ ಕೀಪ್ಯಾಡ್ ಮಾರುಕಟ್ಟೆಯಲ್ಲಿ ಇಲ್ಲದಿದ್ದರೆ ಬೇರೆ ಕಂಪನಿಯದ್ದನ್ನು ಅದೇ ಎರಡು ತಂತಿಗೆ ಹಾಕಬಹುದು. ದುಬಾರಿ ಎಂಬುದು ನಿಜ. ಆ ದುಡ್ಡು ಗಾಜಿನ ಫಳಫಳಕ್ಕೆ ಹೋಗದೆ ಈ ಎರಡು ಗುಣಕ್ಕೆ ಹೋದರೆ ಸಾರ್ಥಕ.

ಹಾಗಾಗಿ ಗಾಜಿನ ಟಚ್ ಬಿಟ್ಟು, ಒತ್ತಿದರೆ ಬೆರಳಿಗೆ ತಿಳಿಯುವ ಗುಂಡಿಯ ಕೀಪ್ಯಾಡ್. ಕತ್ತಲಲ್ಲಿ ಗಾಜಿನ ಮೇಲೆ ಗುಂಡಿ ಹುಡುಕುವುದೆಂದರೆ ಬೇಡದ ಎರಡು ದೀಪ ಹತ್ತಿಸುವುದು. ಮಲಗುವ ಕೋಣೆಗೆ 4 ಗುಂಡಿ, ಹಾಲ್‌ಗೆ 6. ಅದಕ್ಕಿಂತ ಹೆಚ್ಚಾದರೆ ಮನೆಯವರೇ ನೆನಪಿಟ್ಟುಕೊಳ್ಳುವುದಿಲ್ಲ, ಬಂದ ನೆಂಟರ ಮಾತು ದೂರವೇ ಉಳಿಯಿತು.

ಅಡುಗೆಮನೆ ಮತ್ತು ಮೆಟ್ಟಿಲಿಗೆ ಕೀಪ್ಯಾಡ್ ಬದಲು ಮಾಡ್ಯುಲರ್ ಬೆಲ್ ಪುಶ್, ಅದರ ಬೆನ್ನಿಗೆ, ಒತ್ತಿದ್ದನ್ನು ಬಸ್ ಸಂದೇಶವಾಗಿಸುವ ಕೆಎನ್‌ಎಕ್ಸ್ ಪುಶ್‌ಬಟನ್ ಇಂಟರ್‌ಫೇಸ್, ಒಟ್ಟು 3. ಕೈಗೆ ಹಿಟ್ಟು ಮೆತ್ತಿದ್ದರೆ ಮೊಣಕೈಯಲ್ಲೂ ಒತ್ತಬಹುದು, ಹಾಳಾದರೆ ಬೀದಿ ಕೊನೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಹೊಸದು ಸಿಗುತ್ತದೆ. ಗಮನಿಸಬೇಕಾದ್ದು ಎರಡು. ನಿಯಾನ್ ಇಂಡಿಕೇಟರ್ ಇರುವ ಪುಶ್ ತರಬೇಡಿ: ಇಂಟರ್‌ಫೇಸ್ ಕೊಡುವ ಕೆಲವೇ ವೋಲ್ಟ್‌ಗೆ ಅದು ಹತ್ತುವುದಿಲ್ಲ, ಯಾರಾದರೂ ಅದನ್ನು ಹತ್ತಿಸಲು ಫೇಸ್ ತಂದು ಕೊಟ್ಟರೆ ಇಂಟರ್‌ಫೇಸ್ ಸುಟ್ಟುಹೋಗುತ್ತದೆ. ಇನ್ನೊಂದು, ಇಂಟರ್‌ಫೇಸ್‌ನಿಂದ ಪುಶ್‌ವರೆಗಿನ ತಂತಿ ಎಷ್ಟು ಉದ್ದ ಇರಬಹುದೆಂದು ಡೇಟಾಶೀಟ್‌ನಲ್ಲಿ ಬರೆದಿರುತ್ತದೆ, ಅದನ್ನು ಮೀರಬಾರದು. ಇಲ್ಲಿ ಎಲ್ಲವೂ ಒಂದೇ ಬಾಕ್ಸ್‌ನೊಳಗೆ ಇರುವುದರಿಂದ ಆ ತಲೆನೋವಿಲ್ಲ.

ಬಾಕ್ಸ್ ಮತ್ತು ಪೈಪ್

ಯುರೋಪಿನ ಕೀಪ್ಯಾಡ್‌ಗಳು 60 ಮಿ.ಮೀ ತಿರುಪಿನ ಅಂತರದ ದುಂಡು ಬಾಕ್ಸ್‌ಗೆ ಮಾಡಿದವು. ನಮ್ಮ ಮಾಡ್ಯುಲರ್ ಲೋಹದ ಬಾಕ್ಸ್‌ಗಳ ಕಿವಿಗಳು ಕಂಪನಿಯಿಂದ ಕಂಪನಿಗೆ ಬೇರೆ. ಕೀಪ್ಯಾಡ್‌ನ ಮೌಂಟಿಂಗ್ ಫ್ರೇಮ್ ಕೈಯಲ್ಲಿ ಹಿಡಿದು, ಕೂತಿತೆಂದು ಖಾತ್ರಿಯಾದ ಮೇಲೆಯೇ ಬಾಕ್ಸ್ ಕೊಳ್ಳಬೇಕು. ಗೋಡೆ ಕೊರೆದ ಮೇಲೆ ಇದು ತಿಳಿದರೆ ಮತ್ತೆ ಕೊರೆಯಬೇಕಾಗುತ್ತದೆ. ಬಾಕ್ಸ್ ಆಳ ಕನಿಷ್ಠ 45 ಮಿ.ಮೀ ಇರಲಿ. ಎತ್ತರ ನೆಲದಿಂದ 1200 ಮಿ.ಮೀ, ಟೈಲ್ಸ್ ಲೆವೆಲ್ ಹಿಡಿದು. ಹಾಸಿಗೆ ಪಕ್ಕದ್ದು 750.

ಗಾರೆಯವರು ಬರುವ ಮುನ್ನ ಬಾಕ್ಸ್‌ಗೆ ಥರ್ಮೋಕೋಲ್ ತುಂಡು ಬಿಗಿಯಾಗಿ ತುಂಬಿ ಮೇಲೆ ಟೇಪ್. ಬಾಕ್ಸ್ ಅಂಚು ಗಾರೆಯ ಮುಖಕ್ಕಿಂತ 5 ಮಿ.ಮೀ ಒಳಗಿದ್ದರೆ ಪರವಾಗಿಲ್ಲ. ಅದಕ್ಕಿಂತ ಆಳಕ್ಕೆ ಹೋದರೆ ಉದ್ದದ ತಿರುಪು ಬೇಕು, ಫ್ರೇಮ್ ಗೋಡೆಗೆ ಒತ್ತಿ ಬಾಗುತ್ತದೆ, ಬಾಗಿದ ಫ್ರೇಮ್‌ನಲ್ಲಿ ಗುಂಡಿ ಸಿಕ್ಕಿಕೊಳ್ಳುತ್ತದೆ. ಮೆಟ್ಟಿಲಿನ ಮೇಲ್ಗಡೆಯ ಬಾಕ್ಸ್ ಹೀಗೇ ಒಳಗೆ ಹೋಗಿದ್ದರಿಂದ ಪುಟ್ಟಿಗೆ ಮೊದಲೇ ಸ್ಪೇಸರ್ ಹಾಕಿ ಮೇಲೆ ತರಲಾಯಿತು.

ಬಸ್‌ಗೆ ಪ್ರತ್ಯೇಕ 25 ಮಿ.ಮೀ ಪೈಪ್. ಕೆಎನ್‌ಎಕ್ಸ್ ಕೇಬಲ್‌ನ ಹೊದಿಕೆ 4 ಕಿಲೋವೋಲ್ಟ್ ಪರೀಕ್ಷೆ ದಾಟಿರುತ್ತದೆ, ಆದ್ದರಿಂದ ಮೇನ್ಸ್ ಪಕ್ಕ ಹೋದರೂ ಅಪಾಯವಿಲ್ಲ. ಆದರೂ ಬೇರೆ ಪೈಪ್ ಇದ್ದರೆ ಮುಂದೆ ಹೊಸ ಕೇಬಲ್ ಎಳೆಯುವುದು ಹಗುರ. ದೀಪಗಳಿಗೆ ಡಿಮ್ ಆಗುವ ಆದೇಶ ಒಯ್ಯುವ ಡಾಲಿ ಎಂಬ ಇನ್ನೊಂದು ಬಸ್‌ನ ಎರಡು ತಂತಿಯನ್ನು ಮಾತ್ರ ಈ ಪೈಪಿಗೆ ಬಿಡಲೇಬೇಡಿ. 16 ವೋಲ್ಟ್ ತಾನೇ ಎಂದು ಬಸ್ ಜತೆ ಸೇರಿಸುವವರಿದ್ದಾರೆ. ಡಾಲಿಗಿರುವುದು ಬರೀ ಮೂಲ ಇನ್ಸುಲೇಶನ್. ಎಲ್‌ಇಡಿಗೆ ಕರೆಂಟ್ ಕೊಡುವ ಡ್ರೈವರ್ ಒಳಗೆ ಅದು ಮೇನ್ಸ್‌ನ ನೆರೆಯಲ್ಲಿರುತ್ತದೆ, ಹಾಗಾಗಿ ಅದನ್ನು ಮೇನ್ಸ್ ಎಂದೇ ಎಣಿಸಿ 230 ವೋಲ್ಟ್ ತಂತಿಯ ಜತೆಗೇ ಕಳಿಸಬೇಕು.

ಬಸ್ ವೈರಿಂಗ್

ಕೇಬಲ್ 2×2×0.8 ಮಿ.ಮೀ, ಹಸಿರು ಹೊದಿಕೆ. ಕೆಂಪು ಪ್ಲಸ್, ಕಪ್ಪು ಮೈನಸ್. ಹಳದಿ-ಬಿಳಿ ಜೋಡಿ ಮೀಸಲು, ಕತ್ತರಿಸದೆ ಸುತ್ತಿಡಿ. ನಮ್ಮ ಮೇನ್ಸ್ ವೈರಿಂಗ್‌ನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಬಣ್ಣ ಒಂದೇ ಆದ್ದರಿಂದ ಎಲೆಕ್ಟ್ರಿಷಿಯನ್‌ಗೆ ಬಾಯಲ್ಲಿ ಹೇಳಿದರೆ ಸಾಲದು, ಪ್ರತಿ ಬಸ್ ಬಾಕ್ಸ್ ಒಳಗೂ ‘ಬಸ್ 30 ವೋಲ್ಟ್’ ಎಂಬ ಸ್ಟಿಕರ್ ಅಂಟಿಸಿದೆ.

ಟೋಪಾಲಜಿ ಸಡಿಲ: ಸಾಲಾಗಿ, ಕವಲಾಗಿ, ನಕ್ಷತ್ರವಾಗಿ ಹೇಗೆ ಎಳೆದರೂ ಸರಿ, ತುದಿಗೆ ರೆಸಿಸ್ಟರ್ ಬೇಡ. ಉಂಗುರವಾಗಿ ಮುಚ್ಚಿಕೊಳ್ಳಬಾರದು, ಅಷ್ಟೇ. ಒಂದು ಲೈನ್‌ನಲ್ಲಿ ಒಟ್ಟು 1000 ಮೀಟರ್, ಪವರ್ ಸಪ್ಲೈನಿಂದ ಸಾಧನಕ್ಕೆ 350 ಮೀಟರ್ ಎಂಬುದು ಮಿತಿ; ಮನೆ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಕರೆಂಟ್ ಲೆಕ್ಕ: ಕೀಪ್ಯಾಡ್ 7ಕ್ಕೆ ತಲಾ 12 ಮಿಲಿಆಂಪಿಯರ್‌ನಂತೆ 84, ಆಕ್ಚುಯೇಟರ್ 2ಕ್ಕೆ 24, ಡಾಲಿ ಗೇಟ್‌ವೇ 10, ಇಂಟರ್‌ಫೇಸ್ 3ಕ್ಕೆ 30, ಪ್ರೋಗ್ರಾಮಿಂಗ್ ಪೋರ್ಟ್ 10. ಒಟ್ಟು 158. 160ರ ಸಪ್ಲೈ ತಂದರೆ ಮುಂದೆ ಒಂದು ಸೆನ್ಸರ್ ಸೇರಿಸಲೂ ಜಾಗವಿಲ್ಲ, ಆದ್ದರಿಂದ 320. ಅತಿ ದೂರದ ಬಾಕ್ಸ್ 60 ಮೀಟರ್. ಹೋಗಿ ಬರುವ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 73 ಓಮ್. ಇಡೀ 158 ಮಿಲಿಆಂಪಿಯರ್ ಅಲ್ಲಿಗೇ ಹರಿದರೂ ಬೀಳುವುದು 0.7 ವೋಲ್ಟ್. ಸಾಧನಕ್ಕೆ ಬೇಕಾದ್ದು ಕನಿಷ್ಠ 21.

ಕ್ಯಾಟ್-6 ಬಳಸಿದರೆ ಏನು ಎಂದು ಬಹಳ ಜನ ಕೇಳುತ್ತಾರೆ. ಓಡುತ್ತದೆ. ಆದರೆ ಕೆಂಪು-ಕಪ್ಪು ಬಸ್ ಟರ್ಮಿನಲ್ ಮಾಡಿರುವುದು 0.6ರಿಂದ 0.8 ಮಿ.ಮೀ ಗಟ್ಟಿ ತಂತಿಗೆ. ಕ್ಯಾಟ್-6ನ ತಂತಿ ಅದಕ್ಕಿಂತ ತೆಳು, ಹಿಡಿತ ಸಡಿಲ, ತಿಂಗಳುಗಳ ಮೇಲೆ ಒಂದು ದಿನ ಒಂದು ಕೋಣೆ ಸತ್ತುಹೋಗುತ್ತದೆ. ಮೇನ್ಸ್ ಪಕ್ಕದಲ್ಲಿ ಹೋಗುವ ಇನ್ಸುಲೇಶನ್ ಕೂಡ ಅದಕ್ಕಿಲ್ಲ.

ಆ ಪುಟ್ಟ ಟರ್ಮಿನಲ್ ಬಗ್ಗೆ ಒಂದು ಮಾತು. ಪ್ರತಿ ಧ್ರುವಕ್ಕೆ ನಾಲ್ಕು ತೂತು. ಬಂದ ತಂತಿ, ಮುಂದೆ ಹೋಗುವ ತಂತಿ ಎರಡೂ ಅದರೊಳಗೇ ಸೇರುತ್ತವೆ. ಟರ್ಮಿನಲ್ಲನ್ನು ಕೀಪ್ಯಾಡ್‌ನ ಬೆನ್ನಿಗೆ ಚುಚ್ಚುವುದು. ಕೀಪ್ಯಾಡ್ ಕಿತ್ತರೂ ಉಳಿದ ಬಸ್ ಕಡಿಯುವುದಿಲ್ಲ. ಇನ್ಸುಲೇಶನ್ 6 ಮಿ.ಮೀ ಮಾತ್ರ ಬಿಡಿಸಿ, ಕೊನೆಗೆ ತಗಲುವವರೆಗೂ ತಳ್ಳಿ, ಒಮ್ಮೆ ಎಳೆದು ನೋಡಿ. ಹೆಚ್ಚು ಬಿಡಿಸಿದರೆ ಹೊರಗುಳಿದ ತಾಮ್ರ ಲೋಹದ ಬಾಕ್ಸ್‌ಗೆ ತಗಲುತ್ತದೆ. ಬಾಕ್ಸ್ ಒಳಗೆ 150 ಮಿ.ಮೀ ಕೇಬಲ್ ಹೆಚ್ಚಿಗೆ ಬಿಟ್ಟಿದೆ.

ಸಾಧನ ಜೋಡಿಸುವ ಮುನ್ನ ಮೀಟರ್ ಹಿಡಿದು ಪ್ರತಿ ಬಾಕ್ಸ್‌ನಲ್ಲಿ ಪೊಲಾರಿಟಿ, ವೋಲ್ಟೇಜ್ ನೋಡಬೇಕು. ಮೆಗ್ಗರ್ (ಇನ್ಸುಲೇಶನ್) ಪರೀಕ್ಷೆ ಮೇನ್ಸ್‌ಗೆ ಮಾತ್ರ, ಅದೂ ಡ್ರೈವರ್ ಮತ್ತು ಆಕ್ಚುಯೇಟರ್ ಬಿಡಿಸಿಟ್ಟು.

ಡಿಬಿ ಕಡೆ

12 ಚಾನೆಲ್‌ನದ್ದೊಂದು, 8ರದ್ದೊಂದು ಸ್ವಿಚ್ ಆಕ್ಚುಯೇಟರ್. 4 ಚಾನೆಲ್ ಖಾಲಿ. ಚಾನೆಲ್‌ಗೆ ಎಷ್ಟು ವ್ಯಾಟ್ ಎಂದು ನೋಡಿ ಖರೀದಿಸುವುದು ಸಾಮಾನ್ಯ ತಪ್ಪು. 12 ವ್ಯಾಟ್‌ನ ಡೌನ್‌ಲೈಟ್ ಹತ್ತು ಹಾಕಿದರೂ ಓಡುವಾಗ ಅರ್ಧ ಆಂಪಿಯರ್ ಆಸುಪಾಸು. ಆದರೆ ಆನ್ ಆದ ಕ್ಷಣ ಹತ್ತೂ ಡ್ರೈವರ್‌ಗಳ ಕೆಪಾಸಿಟರ್ ಒಟ್ಟಿಗೆ ತುಂಬಿಕೊಳ್ಳುತ್ತವೆ. ಮೈಕ್ರೋಸೆಕೆಂಡುಗಳ ಮಟ್ಟಿಗೆ ಹತ್ತಾರು ಆಂಪಿಯರ್ ನುಗ್ಗುತ್ತದೆ. ಅಗ್ಗದ 10 ಆಂಪಿಯರ್ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡು ದೀಪ ಆರದೇ ಹೋಗುವುದು ಇದರಿಂದಲೇ. ಸಿ-ಲೋಡ್ (ಕೆಪಾಸಿಟರ್ ಹೊರೆ) ಎಂದು 140 ಅಥವಾ 200 ಮೈಕ್ರೋಫ್ಯಾರಡ್ ನಮೂದಿಸಿರುವ ಆಕ್ಚುಯೇಟರ್ ತನ್ನಿ, ಡ್ರೈವರ್‌ಗಳನ್ನು ಎಣಿಸಿ ಚಾನೆಲ್‌ಗಳಿಗೆ ಹಂಚಿ.

ಇನ್ವರ್ಟರ್ ಸರ್ಕ್ಯೂಟ್ ಇರುವುದರಿಂದ ಎರಡನೆಯ ಎಚ್ಚರಿಕೆ: ಇನ್ವರ್ಟರ್ ದೀಪಗಳ ನ್ಯೂಟ್ರಲ್ ಮತ್ತು ಮೇನ್ಸ್ ದೀಪಗಳ ನ್ಯೂಟ್ರಲ್ ಎಲ್ಲೂ ಸೇರಬಾರದು. ಸೇರಿದರೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಕಾರಣವಿಲ್ಲದಂತೆ ಬೀಳುತ್ತಿರುತ್ತದೆ. ಬಸ್‌ನ ಪವರ್ ಸಪ್ಲೈ ಕೂಡ ಇನ್ವರ್ಟರ್ ಕಡೆಯಲ್ಲೇ ಇರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗ ದೀಪಕ್ಕೆ ವಿದ್ಯುತ್ ಇದ್ದೂ ಕೀಪ್ಯಾಡ್ ಸತ್ತಿರುತ್ತದೆ. ಬಸ್ ವೋಲ್ಟೇಜ್ ಹೋದಾಗ ‘ಬದಲಾವಣೆ ಬೇಡ’, ಬಂದಾಗ ‘ಹಿಂದಿನ ಸ್ಥಿತಿ’ ಎಂದು ಆಕ್ಚುಯೇಟರ್‌ನಲ್ಲಿ ಸೆಟ್ ಮಾಡಿದೆ. ನಡುರಾತ್ರಿ ಕರೆಂಟ್ ಬಂದಾಗ ಮನೆಯೆಲ್ಲ ಬೆಳಗಬಾರದು.

ಬಾಲ್ಕನಿ ದೀಪ ಆಫ್ ಆದ ಮೇಲೂ ಮಿಣಮಿಣ ಎನ್ನುತ್ತಿತ್ತು. ರಿಲೇ ಸರಿಯಿದೆ, ಉದ್ದಕ್ಕೂ ಬೇರೆ ಫೇಸ್ ತಂತಿಯ ಪಕ್ಕದಲ್ಲೇ ಓಡುವ ತಂತಿಗೆ ಕೆಪಾಸಿಟಿವ್ ಕಪ್ಲಿಂಗ್‌ನಿಂದ ಸಣ್ಣ ಕರೆಂಟ್ ಸೇರುತ್ತದೆ. ದೀಪಕ್ಕೆ ಸಮಾಂತರವಾಗಿ 100 ಓಮ್, 0.1 ಮೈಕ್ರೋಫ್ಯಾರಡ್‌ನ ಮೇನ್ಸ್ ದರ್ಜೆಯ ಸ್ನಬ್ಬರ್ (ರೆಸಿಸ್ಟರ್-ಕೆಪಾಸಿಟರ್ ಜೋಡಿ) ಹಾಕಿದ ಮೇಲೆ ನಿಂತಿತು.

ಪ್ರೋಗ್ರಾಮಿಂಗ್

ಕೀಪ್ಯಾಡ್‌ನ ಪ್ರೋಗ್ರಾಮಿಂಗ್ ಗುಂಡಿ ಎಷ್ಟೋ ಮಾಡೆಲ್‌ಗಳಲ್ಲಿ ಫ್ರೇಮ್‌ನ ಹಿಂದೆ ಅಡಗಿರುತ್ತದೆ. ಆದ್ದರಿಂದ ಏಳನ್ನೂ ಮೇಜಿನ ಮೇಲೆ ಬಸ್‌ಗೆ ಜೋಡಿಸಿ, ಕೆಎನ್‌ಎಕ್ಸ್ ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್ ಇಟಿಎಸ್‌ನಿಂದ ಒಂದೊಂದಕ್ಕೇ ವಿಳಾಸ ಕೊಟ್ಟು, 1.1.21, 1.1.22 ಎಂದು ಬೆನ್ನಿಗೆ ಬರೆದು, ಆಮೇಲೆ ಗೋಡೆಗೆ. ಕೆಂಪು ಎಲ್‌ಇಡಿ ಹತ್ತದಿದ್ದರೆ ಮೊದಲು ಪೊಲಾರಿಟಿ ನೋಡಿ. ತಿರುಗುಮುರುಗಾದರೆ ಸಾಧನ ಸುಡುವುದಿಲ್ಲ, ಸುಮ್ಮನಿರುತ್ತದೆ.

ಹೆಚ್ಚು ಹೊತ್ತು ಬೇಡುವುದು ಟಾಗಲ್, ಅಂದರೆ ಒಂದೇ ಗುಂಡಿಯಲ್ಲಿ ಹತ್ತಿಸುವುದೂ ಆರಿಸುವುದೂ. ಹಾಲ್ ದೀಪವನ್ನು ಬಾಗಿಲ ಕೀಪ್ಯಾಡ್‌ನಲ್ಲಿ ಹತ್ತಿಸಿ ಊಟದ ಕೋಣೆಯ ಕೀಪ್ಯಾಡ್‌ನಲ್ಲಿ ಆರಿಸಿದರೆ, ಬಾಗಿಲ ಕೀಪ್ಯಾಡ್ ದೀಪ ಇನ್ನೂ ಹತ್ತಿದೆ ಎಂದೇ ತಿಳಿದಿರುತ್ತದೆ. ಮುಂದಿನ ಸಲ ಒತ್ತಿದಾಗ ‘ಆಫ್’ ಕಳಿಸುತ್ತದೆ, ಏನೂ ಆಗುವುದಿಲ್ಲ, ಎರಡನೆಯ ಸಲ ಒತ್ತಬೇಕು. ಮನೆಯವರು ‘ಗುಂಡಿ ಸರಿಯಿಲ್ಲ’ ಎನ್ನುವುದು ಬಹುಪಾಲು ಇದನ್ನೇ. ಪರಿಹಾರ: ದೀಪದ ಸ್ಥಿತಿ ತಿಳಿಸುವ, ಆಕ್ಚುಯೇಟರ್‌ನ ಸ್ಟೇಟಸ್ ಆಬ್ಜೆಕ್ಟ್‌ಗೆ ಬೇರೆಯೇ ಗ್ರೂಪ್ ಅಡ್ರೆಸ್ (ಬಸ್ ಮೇಲೆ ಸಂದೇಶ ಹೋಗುವ ವಿಳಾಸ) ಕೊಡಿ, ಸ್ವಿಚಿಂಗ್ 1/1/5 ಆದರೆ ಸ್ಟೇಟಸ್ 1/4/5 ಎಂಬಂತೆ. ಕೀಪ್ಯಾಡ್‌ನ ಸ್ವಿಚ್ ಆಬ್ಜೆಕ್ಟ್‌ಗೆ 1/1/5ನ್ನು ಮೊದಲು, 1/4/5ನ್ನು ಎರಡನೆಯದಾಗಿ ಸೇರಿಸಿ. ಕಳಿಸುವುದು ಮೊದಲನೆಯದಕ್ಕೆ ಮಾತ್ರ, ಕೇಳಿಸಿಕೊಳ್ಳುವುದು ಎರಡನ್ನೂ. ಕೀಪ್ಯಾಡ್ ಕಡೆ ರೈಟ್ ಫ್ಲ್ಯಾಗ್, ಆಕ್ಚುಯೇಟರ್‌ನ ಸ್ಟೇಟಸ್ ಕಡೆ ಟ್ರಾನ್ಸ್‌ಮಿಟ್ ಫ್ಲ್ಯಾಗ್ ಇರಬೇಕು. ಕ್ರಮ ಅದಲುಬದಲಾದರೆ ಕೀಪ್ಯಾಡ್ ಸ್ಟೇಟಸ್‌ಗೇ ಬರೆಯುತ್ತದೆ, ದೀಪ ಅಲುಗುವುದಿಲ್ಲ.

ಒಂದೇ ಒತ್ತಿಗೆ ಹಲವು ದೀಪಗಳನ್ನು ಹೊಂದಿಸುವ ಸೀನ್‌ಗಳಲ್ಲಿ ಒಂದರ ವ್ಯತ್ಯಾಸ ಕಾಡುತ್ತದೆ: ಸೀನ್ 1 ಬಸ್ ಮೇಲೆ 0 ಆಗಿ ಹೋಗುತ್ತದೆ. ಇಟಿಎಸ್ ಅದನ್ನು ತಾನೇ ನೋಡಿಕೊಂಡರೂ, ಹೋಮ್ ಅಸಿಸ್ಟೆಂಟ್‌ನಂಥ ಹೊರಗಿನದರಿಂದ ಬರೀ ಬೈಟ್ ಆಗಿ ಕಳಿಸುವಾಗ ಲೆಕ್ಕ ಹಾಕಬೇಕು. ಒತ್ತಿ ಹಿಡಿದರೆ ಸೀನ್ ಸೇವ್ ಆಗುವ ಸೌಲಭ್ಯವನ್ನು ಆಫ್ ಮಾಡಿ. ಮಗುವೊಂದು ಗುಂಡಿಯನ್ನು ಹಿಡಿದು ನಿಂತರೆ ಊಟದ ಸೀನ್ ಅಳಿಸಿ ಹೊಸದು ಕೂರುತ್ತದೆ.

ಉಳಿದದ್ದು

ಗುಂಡಿಗಳ ಮೇಲೆ ಕನ್ನಡದಲ್ಲೇ ಲೇಸರ್ ಕೆತ್ತನೆ. ಮಾದರಿ ತುಂಡಿನಲ್ಲಿ 3 ಮಿ.ಮೀ ಎತ್ತರದ ಅಕ್ಷರ ಹೊಡೆಸಿದಾಗ ಒತ್ತಕ್ಷರಗಳು ಮುಚ್ಚಿಕೊಂಡವು, 4.5ಕ್ಕೆ ಏರಿಸಿ ‘ಊಟ’, ‘ಓದು’, ‘ರಾತ್ರಿ’, ‘ಎಲ್ಲ ಆಫ್’ ಎಂದು ಚಿಕ್ಕದಾಗಿ ಇಟ್ಟಿದೆ. ‘ರಾತ್ರಿ’ಯ ತ್ರ ಆ ಅಳತೆಯಲ್ಲಿ ಸ್ಪಷ್ಟವಾಗಿದೆ. ಮಲಗುವ ಕೋಣೆಯ ಸೂಚಕ ಎಲ್‌ಇಡಿ ಅತಿ ಕಡಿಮೆಗೆ, ‘ರಾತ್ರಿ’ ಒತ್ತಿದಾಗ ಪೂರ್ತಿ ಆಫ್.

ಮೇಲಿನ ಮಹಡಿಯ ಕೀಪ್ಯಾಡ್‌ಗಳು ಕೊನೆಯ ಕೋಟ್ ಪೇಂಟ್ ಆದ ಮೇಲೆಯೇ ಗೋಡೆಗೆ ಹೋಗುತ್ತವೆ. ಅಲ್ಲಿಯವರೆಗೆ ಟರ್ಮಿನಲ್‌ಗಳಿಗೆ ಟೇಪ್ ಸುತ್ತಿ ಬಾಕ್ಸ್ ಮುಚ್ಚಿಟ್ಟಿದೆ. ಇಟಿಎಸ್ ಪ್ರಾಜೆಕ್ಟ್ ಫೈಲ್‌ನ ಒಂದು ಪ್ರತಿ, ಅದರ ಪಾಸ್‌ವರ್ಡ್ ಸಮೇತ, ಮನೆಯವರ ಕೈಗೆ ಹೋಗುತ್ತದೆ. ಅದಿಲ್ಲದಿದ್ದರೆ ನಾಳೆ ಒಂದು ಗುಂಡಿಯ ಕೆಲಸ ಬದಲಿಸಲೂ ಇಡೀ ಮನೆಯನ್ನು ಮೊದಲಿನಿಂದ ಪ್ರೋಗ್ರಾಂ ಮಾಡಬೇಕಾಗುತ್ತದೆ. ಗ್ರೂಪ್ ಅಡ್ರೆಸ್‌ಗಳ ಪಟ್ಟಿ ಡಿಬಿ ಬಾಗಿಲಿನ ಒಳಗೆ ಅಂಟಿಸಿದೆ.